ರೆಕ್ಕೆಯಡಿಯಿಂದ ಕಳಚಿಕೊಳ್ಳುವ ಕ್ಷಣ

1966ರ ಜುಲೈ 30. ಲಾಕ್‌ಹೀಡ್ ಕಂಪನಿಯ ಎಂ-21 ವಿಮಾನ ಶಬ್ದದ ಮೂರು ಪಟ್ಟನ್ನೂ ಮೀರಿದ ವೇಗದಲ್ಲಿ ಪೆಸಿಫಿಕ್ ಸಾಗರದ ಮೇಲೆ ಹಾರುತ್ತಿತ್ತು. ಅದರ ಬೆನ್ನ ಮೇಲೆ ಡಿ-21 ಎಂಬ ಪೈಲಟ್ ಇಲ್ಲದ ಬೇಹುಗಾರಿಕೆ ವಿಮಾನ. ಹಿಂದಿನ ಮೂರು ಪರೀಕ್ಷೆಗಳಲ್ಲಿ ತಾಯಿ ವಿಮಾನ ಸ್ವಲ್ಪ ಮೇಲೇರಿ ಮೂತಿ ತಗ್ಗಿಸುತ್ತಿರುವಾಗ ಡಿ-21 ಅನ್ನು ಬಿಟ್ಟಿದ್ದರು. ತಾಯಿ ಕೆಳಕ್ಕೆ ಸರಿದಂತೆ ಮರಿ ತಾನಾಗಿ ಬೇರ್ಪಟ್ಟಿತ್ತು. ಈ ಸಲ ಮಟ್ಟಸವಾಗಿ ಹಾರುತ್ತಲೇ ಬಿಟ್ಟರು. ಕೊಕ್ಕೆ ಕಳಚಿದ ಬೆನ್ನಿಗೇ ಡಿ-21ರ ಎಂಜಿನ್ನು ಗಾಳಿ ಸಿಗದೆ ತತ್ತರಿಸಿತು, ಡಿ-21 ವಾಲಿ ತಾಯಿ ವಿಮಾನಕ್ಕೇ ಬಡಿಯಿತು. ಎಂ-21 ಮುರಿದುಬಿತ್ತು. ಪೈಲಟ್ ಬಿಲ್ ಪಾರ್ಕ್ ಬದುಕಿದರು. ಹಿಂದಿನ ಆಸನದಲ್ಲಿದ್ದ ರೇ ಟೊರಿಕ್ ಸಮುದ್ರದಲ್ಲಿ ಮುಳುಗಿ ತೀರಿಕೊಂಡರು. ಬೆನ್ನ ಮೇಲಿಂದ ಬಿಡುವ ವ್ಯವಸ್ಥೆಯನ್ನು ವಿನ್ಯಾಸಕ ಕೆಲ್ಲಿ ಜಾನ್ಸನ್ ಅಲ್ಲಿಗೇ ಕೈಬಿಟ್ಟರು. ಮುಂದೆ ಡಿ-21 ಹಾರಿದ್ದು ಬಿ-52ರ ರೆಕ್ಕೆಯಡಿಯಿಂದ.

ವಿಮಾನದಿಂದ ಒಂದು ವಸ್ತುವನ್ನು ಬಿಡುವುದೆಂದರೆ ಹೊರಗಿನಿಂದ ನೋಡುವವರಿಗೆ ಕೊಕ್ಕೆ ತೆರೆಯುವುದಷ್ಟೇ. ಉಳಿದದ್ದನ್ನು ಭೂಮಿ ನೋಡಿಕೊಳ್ಳುತ್ತದೆ. ಆದರೆ ವಾಯುಬಲ ವಿಜ್ಞಾನಿಗಳು ಹೆಚ್ಚು ಅಂಜುವುದು ಕೊಕ್ಕೆ ತೆರೆದ ಮೊದಲ ಅರ್ಧ ಸೆಕೆಂಡಿಗೆ. ಕಾರಣ ಸರಳ ಲೆಕ್ಕದಲ್ಲೇ ಸಿಗುತ್ತದೆ. ಸೆಕೆಂಡಿಗೆ 250 ಮೀಟರ್ ವೇಗದಲ್ಲಿ, ಸಮುದ್ರಮಟ್ಟಕ್ಕೆ ಹತ್ತಿರದಲ್ಲಿ ಹಾರುವ ವಿಮಾನಕ್ಕೆ ಎದುರಾಗುವ ಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 38,000 ನ್ಯೂಟನ್. 1.8 ಮೀಟರ್ ಉದ್ದ, 19 ಸೆಂಟಿಮೀಟರ್ ದಪ್ಪದ, 130 ಕಿಲೋ ತೂಕದ ಸಣ್ಣ ಬಾಂಬೊಂದನ್ನು ತೆಗೆದುಕೊಳ್ಳಿ. ಅದರ ಪಕ್ಕದ ಮೈಯ ವಿಸ್ತೀರ್ಣದ ಮೇಲೆ ಈ ಒತ್ತಡವನ್ನು ಲೆಕ್ಕ ಹಾಕಿದರೆ 13,000 ನ್ಯೂಟನ್ ಬರುತ್ತದೆ. ಭೂಮಿ ಅದನ್ನು ಕೆಳಕ್ಕೆಳೆಯುವ ಬಲವಾದರೋ 1,300 ನ್ಯೂಟನ್ನಿಗಿಂತ ಕಡಿಮೆ. ಗಾಳಿಯ ಬಲದ ಹತ್ತರಲ್ಲಿ ಒಂದು ಪಾಲು ಮೇಲ್ಮುಖವಾಗಿ ತಿರುಗಿದರೂ ಸಾಕು, ಬಾಂಬು ಬೀಳುವುದೇ ಇಲ್ಲ. ಇನ್ನೂ ಸ್ವಲ್ಪ ಹೆಚ್ಚಾದರೆ ತನ್ನನ್ನು ಹೊತ್ತುತಂದ ರೆಕ್ಕೆಗೇ ಏರಿಹೋಗುತ್ತದೆ.

ಗಾಳಿ ಹಾಗೆ ತಿರುಗಲು ಕಾರಣಗಳಿಗೆ ಬರವಿಲ್ಲ. ರೆಕ್ಕೆಗೂ ಬಾಂಬಿಗೂ ನಡುವಿನ ಇಕ್ಕಟ್ಟಿನಲ್ಲಿ ಗಾಳಿ ವೇಗ ಪಡೆಯುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಬಾಂಬು ಮೇಲಕ್ಕೆ ಸೆಳೆಯಲ್ಪಡುತ್ತದೆ. ಶಬ್ದದ ವೇಗದ ಆಸುಪಾಸಿನಲ್ಲಿ ಆಘಾತ ತರಂಗಗಳೂ ಸೇರಿಕೊಳ್ಳುತ್ತವೆ; ಒಂದು ತರಂಗ ಬಾಲಕ್ಕೆ ತಗುಲಿದರೆ ಮೂತಿ ಒಂದು ಕಡೆಗೆ ವಾಲುತ್ತದೆ. ಮೂತಿ ಮೇಲೆದ್ದಿತೋ, ಬಾಂಬಿನ ಇಡೀ ಮೈ ರೆಕ್ಕೆಯಂತೆ ಕೆಲಸ ಮಾಡತೊಡಗುತ್ತದೆ. ಹಗುರವಾಗಿದ್ದು ಗಾತ್ರದಲ್ಲಿ ದೊಡ್ಡದಾದ ವಸ್ತುವಿಗೆ ಈ ಅಪಾಯ ಹೆಚ್ಚು. ಉಕ್ಕು ತುಂಬಿದ ಭಾರದ ಬಾಂಬಿಗಿಂತ ಖಾಲಿ ಇಂಧನ ಟ್ಯಾಂಕನ್ನು ಕಳಚಿ ಎಸೆಯುವುದು ಎಂಜಿನಿಯರುಗಳಿಗೆ ದೊಡ್ಡ ತಲೆನೋವು.

ಗುರುತ್ವ ನಿಧಾನಿ. ಬಿಟ್ಟ ವಸ್ತು ಮೊದಲ 0.1 ಸೆಕೆಂಡಿನಲ್ಲಿ ಬೀಳುವುದು ಕೇವಲ 5 ಸೆಂಟಿಮೀಟರ್; ಅಷ್ಟರಲ್ಲಿ ವಿಮಾನ 25 ಮೀಟರ್ ಮುಂದೆ ಹೋಗಿರುತ್ತದೆ. ಹಾಗಾಗಿ ಬಾಂಬನ್ನು ಬೀಳಲು ಬಿಡುವುದಿಲ್ಲ, ತಳ್ಳುತ್ತಾರೆ. ಕೊಕ್ಕೆಗಳು ತೆರೆದ ಗಳಿಗೆಯಲ್ಲೇ, ಬಾಂಬನ್ನು ಹೊರುವ ರ‍್ಯಾಕಿನೊಳಗಿನ ಎರಡು ಪಿಸ್ಟನ್‌ಗಳು, ಒಂದು ಮುಂದೆ, ಒಂದು ಹಿಂದೆ, ಬಾಂಬಿನ ಬೆನ್ನನ್ನು ಒದೆಯುತ್ತವೆ. ಎರಡರ ಬಲದ ಹಂಚಿಕೆಯನ್ನು ಹೊಂದಿಸಿದರೆ ಮೂತಿ ಎಷ್ಟು ಬಾಗಬೇಕು ಎಂಬುದೂ ಕೈಯಲ್ಲಿರುತ್ತದೆ. ಹಳೆಯ ರ‍್ಯಾಕ್‌ಗಳಲ್ಲಿ ಈ ಒದೆತಕ್ಕೆ ಸಣ್ಣ ಸಿಡಿಮದ್ದಿನ ತೋಟಾ ಬಳಸುತ್ತಿದ್ದರು. ಪ್ರತಿ ಸಲವೂ ಮಸಿ ಕೂರುತ್ತಿತ್ತು, ಬಿಚ್ಚಿ ತೊಳೆಯಬೇಕಿತ್ತು. ಈಗ ಹಲವು ಕಡೆ ಆ ಜಾಗಕ್ಕೆ ಒತ್ತಿಟ್ಟ ಗಾಳಿ ಬಂದಿದೆ.

ಇಷ್ಟು ಕಷ್ಟಪಟ್ಟು ಒಂದೊಂದನ್ನೇ ಜೋಪಾನವಾಗಿ ಬಿಡುವ ರೂಢಿ ಮೊದಲಿನಿಂದ ಇದ್ದದ್ದಲ್ಲ. ಗುರಿ ಹಿಡಿಯಲಾಗದ ಕಾಲದಲ್ಲಿ ಉಪಾಯವೆಂದರೆ ಚೆಲ್ಲುವುದು. ಬ್ರಿಟನ್ನಿನ ಟೊರ್ನೆಡೊ ವಿಮಾನಗಳು ಹೊರುತ್ತಿದ್ದ ಜೆಪಿ-233 ಅಂಥದ್ದು. ಹೊಟ್ಟೆಯಡಿಯ ಪ್ರತಿಯೊಂದು ಪೆಟ್ಟಿಗೆಯಲ್ಲಿ ರನ್‌ವೇ ಒಡೆಯುವ 30 ಮದ್ದುಗುಂಡುಗಳು, ದುರಸ್ತಿಗೆ ಬರುವವರನ್ನು ತಡೆಯುವ 215 ನೆಲಬಾಂಬುಗಳು. 1991ರ ಕೊಲ್ಲಿ ಯುದ್ಧದಲ್ಲಿ ಇದನ್ನು ಬಳಸಲು ಪೈಲಟ್‌ಗಳು ಶತ್ರುವಿನ ವಾಯುನೆಲೆಯ ಮೇಲೆ, ವಿಮಾನಭೇದಿ ಗುಂಡುಗಳ ನಡುವೆ, ತೀರ ಕೆಳಗೆ, ನೆಟ್ಟಗೆ ಹಾರಬೇಕಾಯಿತು. ಅಮೆರಿಕದ ಸಿಬಿಯು-97 ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದು ಡಬ್ಬಿಯೊಳಗೆ ಹತ್ತು ಸಿಲಿಂಡರ್, ಪ್ರತಿಯೊಂದರಲ್ಲಿ ನಾಲ್ಕು ಬಿಲ್ಲೆ. ಸಿಲಿಂಡರುಗಳು ಪ್ಯಾರಾಚೂಟ್‌ನಲ್ಲಿ ಇಳಿದು, ಪುಟ್ಟ ರಾಕೆಟ್ಟಿನಿಂದ ಗಿರಗಿರನೆ ತಿರುಗುತ್ತ ಬಿಲ್ಲೆಗಳನ್ನು ಹೊರಗೆಸೆಯುತ್ತವೆ. ಪ್ರತಿ ಬಿಲ್ಲೆಯೂ ತನ್ನದೇ ಅವಗೆಂಪು ಕಣ್ಣಿನಿಂದ ವಾಹನದ ಬಿಸಿಯನ್ನು ಹುಡುಕುತ್ತದೆ, ಸಿಗದಿದ್ದರೆ ತನ್ನನ್ನು ತಾನೇ ನಾಶಪಡಿಸಿಕೊಳ್ಳುವಂತೆ ಅದರ ರಚನೆ. ಇದರದೇ ಮುಂದಿನ ರೂಪವಾದ ಸಿಬಿಯು-105 ಅನ್ನು ಭಾರತೀಯ ವಾಯುಪಡೆ ಜಾಗ್ವಾರ್ ವಿಮಾನಗಳಿಗಾಗಿ ಕೊಂಡಿತು.

ಚೆಲ್ಲುವ ಆಯುಧಗಳ ನಿಜವಾದ ಬೆಲೆ ತೆತ್ತವರು ಯುದ್ಧ ಮುಗಿದ ಮೇಲೆ ಗದ್ದೆಗೆ ಇಳಿದವರು. 1964ರಿಂದ 1973ರವರೆಗೆ ಅಮೆರಿಕ ಲಾವೋಸ್ ಮೇಲೆ ಸುರಿದ ಗೊಂಚಲು ಬಾಂಬುಗಳಲ್ಲಿ ಇದ್ದ ಮರಿಬಾಂಬುಗಳು ಸುಮಾರು 27 ಕೋಟಿ. ಅವುಗಳಲ್ಲಿ ಶೇಕಡ 30ರಷ್ಟು ಸಿಡಿಯದೆ ಮಣ್ಣಿನಲ್ಲಿ ಉಳಿದವೆಂದು ಅಂದಾಜು. ಉಳುವವರು, ಆಡುವ ಮಕ್ಕಳು ಇಂದಿಗೂ ಅವಕ್ಕೆ ಬಲಿಯಾಗುತ್ತಿದ್ದಾರೆ. ಈ ಅಂಕಿಯನ್ನು ಪಕ್ಕಕ್ಕಿಟ್ಟು ಈ ವಿಜ್ಞಾನದ ಬಗ್ಗೆ ಬರೆಯುವುದು ನನ್ನಿಂದಾಗದು. 2008ರಲ್ಲಿ ಡಬ್ಲಿನ್ನಿನಲ್ಲಿ ಒಪ್ಪಿತವಾಗಿ 2010ರ ಆಗಸ್ಟ್ 1ರಂದು ಜಾರಿಗೆ ಬಂದ ಅಂತಾರಾಷ್ಟ್ರೀಯ ಒಡಂಬಡಿಕೆ ಗೊಂಚಲು ಬಾಂಬುಗಳನ್ನು ನಿಷೇಧಿಸಿತು. ಅದರ ವ್ಯಾಖ್ಯೆ ವಿನ್ಯಾಸದ ಭಾಷೆಯಲ್ಲೇ ಇದೆ: ಹತ್ತಕ್ಕಿಂತ ಕಡಿಮೆ ಮರಿಗಳಿರಬೇಕು, ಪ್ರತಿಯೊಂದೂ ನಾಲ್ಕು ಕಿಲೋ ಮೀರಿರಬೇಕು, ಒಂದೇ ಗುರಿಯನ್ನು ತಾನೇ ಗುರುತಿಸಬೇಕು, ಸಿಡಿಯದಿದ್ದರೆ ವಿದ್ಯುತ್ ಉಪಾಯದಿಂದ ನಾಶವಾಗಬೇಕು ಮತ್ತು ನಿಷ್ಕ್ರಿಯವಾಗಬೇಕು. ಇವೆಲ್ಲ ಇದ್ದರೆ ಮಾತ್ರ ನಿಷೇಧದಿಂದ ಹೊರಗೆ. ಅಮೆರಿಕ, ರಷ್ಯ, ಚೀನಾ, ಪಾಕಿಸ್ತಾನ, ಭಾರತ ಇದಕ್ಕೆ ಸಹಿ ಹಾಕಿಲ್ಲ. ಹಾಕಬೇಕಿತ್ತು ಎಂಬುದು ನನ್ನ ನಿಲುವು.

ಚೆಲ್ಲುವುದಕ್ಕೆ ಬದಲಿಯಾಗಿ ಬಂದದ್ದು, ಉಪಗ್ರಹದ ಸಂಕೇತ ಹಿಡಿದು ಗುರಿಗೆ ಕೆಲವೇ ಮೀಟರ್ ಹತ್ತಿರ ಬೀಳುವ ಸಣ್ಣ ಬಾಂಬು. ಗುರಿ ತಪ್ಪದಿದ್ದರೆ ಸ್ಫೋಟಕ ಕಡಿಮೆ ಸಾಕು. ತೂಕ ಕಡಿಮೆಯಾದರೆ ಒಂದೇ ಕೊಕ್ಕೆಯ ಜಾಗದಲ್ಲಿ ನಾಲ್ಕನ್ನು ಹೊರಬಹುದು. ಮೇಲಿನ ಲೆಕ್ಕಕ್ಕೆ ನಾನು ಬಳಸಿದ ಅಳತೆ ಅಮೆರಿಕದ ಜಿಬಿಯು-39ರದು. ಬಿಆರ್‌ಯು-61 ಎಂಬ ರ‍್ಯಾಕ್ ಅಂಥ ನಾಲ್ಕನ್ನು ಹೊತ್ತು, ಒತ್ತಿಟ್ಟ ಗಾಳಿಯಿಂದ ಒಂದೊಂದಾಗಿ ತಳ್ಳುತ್ತದೆ. 2006ರಲ್ಲಿ ಇರಾಕಿನಲ್ಲಿ ಎಫ್-15ಇ ವಿಮಾನಗಳಿಂದ ಈ ಬಾಂಬಿನ ಮೊದಲ ಬಳಕೆಯಾಯಿತು.

ಬಾಂಬು ಚಿಕ್ಕದಾಯಿತು, ಹೊರುವ ಪೆಟ್ಟಿಗೆಯ ಕೆಲಸ ಹಿಗ್ಗಿತು. ಅಕ್ಕಪಕ್ಕ ನೇತಾಡುವ ನಾಲ್ಕರಲ್ಲಿ ಒಂದು ಹೋದರೆ ಉಳಿದ ಮೂರರ ಸುತ್ತಲಿನ ಗಾಳಿಯ ಹರಿವು ಬದಲಾಗುತ್ತದೆ, ವಿಮಾನದ ಒಂದು ಪಕ್ಕ ಹಗುರವಾಗುತ್ತದೆ. ಆದ್ದರಿಂದ ಬಿಡುವ ಸರದಿಯನ್ನೂ ಎರಡರ ನಡುವಿನ ಬಿಡುವನ್ನೂ ಲೆಕ್ಕ ಹಾಕಿ ಗೊತ್ತುಮಾಡುತ್ತಾರೆ. ದೂರ ತೇಲಲು ಈ ಬಾಂಬಿಗೆ ಮಡಚಿದ ರೆಕ್ಕೆಗಳಿವೆ. ಅವು ಬೇಗ ಬಿಚ್ಚಿದರೆ ಬಾಂಬು ವಿಮಾನದ ಕಡೆಗೆ ಏರುತ್ತದೆ, ತಡವಾದರೆ ಎತ್ತರ ವ್ಯರ್ಥ.

ಇನ್ನು ಮಾಹಿತಿಯ ಮಾತು. ಕಳಚುವ ಮುನ್ನ ಬಾಂಬಿಗೆ ತಾನೆಲ್ಲಿದ್ದೇನೆ, ಯಾವ ವೇಗದಲ್ಲಿದ್ದೇನೆ, ಯಾವ ದಿಕ್ಕಿಗೆ ತಿರುಗಿದ್ದೇನೆ ಎಂಬುದು ತಿಳಿದಿರಬೇಕು. ವಿಮಾನದ ಸೂಕ್ಷ್ಮ ಉಪಕರಣಗಳಿಂದ ಬಾಂಬಿನ ಅಗ್ಗದ ಉಪಕರಣಗಳಿಗೆ ಈ ಲೆಕ್ಕ ಕೇಬಲ್ ಮೂಲಕ ಹರಿಯುತ್ತದೆ. ತೊಡಕೆಂದರೆ ರೆಕ್ಕೆ ಗಟ್ಟಿ ಹಲಗೆಯಲ್ಲ. ಹಾರುವಾಗ ಅದು ಬಾಗುತ್ತದೆ, ನಡುಗುತ್ತದೆ. ತುದಿಯಲ್ಲಿ ನೇತಾಡುವ ಬಾಂಬಿನ ದಿಕ್ಕು ವಿಮಾನದ ಮೈಯ ದಿಕ್ಕೇ ಆಗಿರುವುದಿಲ್ಲ. ಎರಡರ ಅಳತೆಗಳನ್ನು ಹಾರಾಟದಲ್ಲೇ ಹೋಲಿಸಿ, ಪೈಲಟ್ ಮಾಡುವ ಸಣ್ಣ ತಿರುವುಗಳಿಂದ ವ್ಯತ್ಯಾಸ ಕಂಡುಹಿಡಿದು ತಿದ್ದುವ ಗಣಿತ ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಸುಂದರವಾಗಿ ಕಾಣುತ್ತದೆ.

ರಾಡಾರ್ ಕಣ್ಣಿಗೆ ಬೀಳದ ವಿಮಾನಗಳು ಬಾಂಬುಗಳನ್ನು ಹೊಟ್ಟೆಯೊಳಗೆ ಅಡಗಿಸುತ್ತವೆ. ಬಾಗಿಲು ತೆರೆದರೆ ಆ ಗೂಡು ದೈತ್ಯ ಕೊಳಲಾಗುತ್ತದೆ. ಮುಂದಿನ ಅಂಚಿನಿಂದ ಹೊರಟ ಸುಳಿಗಳು ಹಿಂದಿನ ಗೋಡೆಗೆ ಬಡಿದು ಶಬ್ದ ಹುಟ್ಟಿಸುತ್ತವೆ, ಆ ಶಬ್ದ ಮರಳಿ ಮುಂದಕ್ಕೆ ಹೋಗಿ ಹೊಸ ಸುಳಿಗಳನ್ನು ಎಬ್ಬಿಸುತ್ತದೆ. ಗೂಡಿನ ಉದ್ದ ಮತ್ತು ಗಾಳಿಯ ವೇಗದಿಂದ ಈ ಸ್ವರಗಳನ್ನು ಲೆಕ್ಕ ಹಾಕುವ ಸೂತ್ರವನ್ನು ಬ್ರಿಟನ್ನಿನ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟಿನ ರೋಸಿಟರ್ 1964ರಲ್ಲಿ ಕೊಟ್ಟರು. ಸದ್ದು 160 ಡೆಸಿಬೆಲ್ ಮೀರಬಹುದು. ಲೋಹ ದಣಿದು ಬಿರುಕು ಬಿಡಲು ಅಷ್ಟು ಸಾಕು. ಗೂಡಿನ ಮುಂದಿನ ಅಂಚಿನಲ್ಲಿ ಗಾಳಿಯನ್ನು ಎತ್ತಿ ದಾಟಿಸುವ ಪಟ್ಟಿಗಳನ್ನು ಇಡುವುದು ಇದಕ್ಕಾಗಿ.

ಇದನ್ನೆಲ್ಲ ಹಾರುವ ಮೊದಲೇ ತಿಳಿಯುವ ಒಂದು ಜಾಗ ನಮ್ಮಲ್ಲೇ ಇದೆ. ಬೆಂಗಳೂರಿನ ಮುರುಗೇಶಪಾಳ್ಯದ ವಿಂಡ್ ಟನಲ್ ರಸ್ತೆಯಲ್ಲಿ ಓಡಾಡುವವರು ಆ ಹೆಸರಿಗೆ ಕಾರಣವಾದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ಗಾಳಿ ಸುರಂಗವನ್ನು ನೋಡಿರಲಾರರು. 1.2 ಮೀಟರ್ ಅಗಲದ ಈ ಸುರಂಗ 1967ರಿಂದ ಕೆಲಸ ಮಾಡುತ್ತಿದೆ. ಒತ್ತಿ ಕೂಡಿಟ್ಟ ಗಾಳಿಯನ್ನು ಒಮ್ಮೆಲೇ ಬಿಟ್ಟು, ಶಬ್ದಕ್ಕಿಂತ ಕಡಿಮೆ ವೇಗದಿಂದ ಅದರ ಹಲವು ಪಟ್ಟಿನವರೆಗೆ ಹರಿವನ್ನು ಸೃಷ್ಟಿಸುತ್ತದೆ.

ಸುರಂಗದೊಳಗೆ ಪುಟ್ಟ ವಿಮಾನದಿಂದ ಪುಟ್ಟ ಬಾಂಬನ್ನು ಬೀಳಿಸಿ ನೋಡಿದರಾಯಿತಲ್ಲ ಎಂದರೆ ಗುರುತ್ವ ಅಡ್ಡ ಬರುತ್ತದೆ. ಮಾದರಿಯನ್ನು ಹತ್ತನೇ ಒಂದಕ್ಕೆ ಇಳಿಸಿ ಗಾಳಿಯ ವೇಗವನ್ನು ಹಾಗೇ ಇಟ್ಟರೆ ಎಲ್ಲ ಘಟನೆಗಳೂ ಹತ್ತು ಪಟ್ಟು ಬೇಗ ನಡೆಯುತ್ತವೆ. ಅದಕ್ಕೆ ಸರಿಸಾಟಿಯಾಗಲು ಭೂಮಿಯ ಸೆಳೆತವೂ ಹತ್ತು ಪಟ್ಟಾಗಬೇಕು. ಅದು ಆಗದ ಮಾತು. ಇದಕ್ಕೆ ಕಂಡುಕೊಂಡ ದಾರಿಯಲ್ಲಿ ಬಾಂಬಿನ ಮಾದರಿಯನ್ನು ಬೀಳಿಸುವುದೇ ಇಲ್ಲ. ಅದನ್ನು ಚಲಿಸುವ ತೋಳಿನ ತುದಿಗೆ ಹಿಡಿದು, ಗಾಳಿ ಅದರ ಮೇಲೆ ಹಾಕುವ ಬಲವನ್ನು ಎಲ್ಲ ದಿಕ್ಕುಗಳಲ್ಲೂ ಅಳೆಯುತ್ತಾರೆ. ಬಾಂಬು ಮುಂದಿನ ಕ್ಷಣಕ್ಕೆ ಎಲ್ಲಿರುತ್ತಿತ್ತು ಎಂದು ಕಂಪ್ಯೂಟರ್ ಗುರುತ್ವವನ್ನೂ ಪಿಸ್ಟನ್ನಿನ ಒದೆತವನ್ನೂ ಕೂಡಿಸಿ ಹೇಳುತ್ತದೆ, ತೋಳು ಮಾದರಿಯನ್ನು ಅಲ್ಲಿಗೆ ಸರಿಸುತ್ತದೆ, ಮತ್ತೆ ಅಳತೆ. ಹೀಗೆ ಇಡೀ ಪಥ ಹೆಜ್ಜೆ ಹೆಜ್ಜೆಯಾಗಿ ಸಿಗುತ್ತದೆ.

ನಮ್ಮದೇ ಸಣ್ಣ ಬಾಂಬೂ ಬಂದಿದೆ. ಡಿಆರ್‌ಡಿಒ ರೂಪಿಸಿದ ವಾಯುನೆಲೆಭೇದಿ ಸ್ಮಾರ್ಟ್ ಆಯುಧ 125 ಕಿಲೋ ವರ್ಗದ್ದು, 100 ಕಿಲೋಮೀಟರ್ ವರೆಗೆ ತೇಲಬಲ್ಲದು. ಜೆಪಿ-233 ಹೊತ್ತು ರನ್‌ವೇ ಮೇಲೆಯೇ ಹಾರಬೇಕಾಗಿದ್ದ ಪೈಲಟ್‌ಗೆ ಈ ದೂರದ ಬೆಲೆ ಗೊತ್ತು. ಜಾಗ್ವಾರ್‌ನಿಂದ ಪರೀಕ್ಷೆಗಳಾದ ಮೇಲೆ 2021ರ ಜನವರಿಯಲ್ಲಿ ಬೆಂಗಳೂರಿನ ಎಚ್‌ಎಎಲ್ ತನ್ನ ಹಾಕ್-ಐ ವಿಮಾನದಿಂದ ಒಡಿಶಾ ಕರಾವಳಿಯಾಚೆ ಅದನ್ನು ಬಿಟ್ಟಿತು. ಅದೇ ವರ್ಷ ಜೈಸಲ್ಮೇರಿನ ಚಂದನ್ ವಲಯದಲ್ಲಿ ಅವಗೆಂಪು ಕಣ್ಣುಳ್ಳ ರೂಪದ ಪರೀಕ್ಷೆಯೂ ನಡೆಯಿತು.

ಇಂಥ ಯಾವ ಆಯುಧವಾದರೂ ಹೊಸ ವಿಮಾನಕ್ಕೆ ಹೊಂದುವ ಕ್ರಮ ಒಂದೇ. ಮೊದಲು ನೆಲದ ಮೇಲೆ, ನಿಂತ ವಿಮಾನದಿಂದ ಹಾಸಿಗೆಯ ಮೇಲೆ ತಳ್ಳಿ ಪಿಸ್ಟನ್ ನೋಡುವುದು. ಆಮೇಲೆ ಬಿಡದೆ ಬರೀ ಹೊತ್ತು ಹಾರುವುದು. ಬಳಿಕ ಸ್ಫೋಟಕವಿಲ್ಲದ ಬಾಂಬನ್ನು ಸೌಮ್ಯ ವೇಗದಲ್ಲಿ ಬಿಟ್ಟು, ರೆಕ್ಕೆಯಡಿಯ ಕ್ಯಾಮೆರಾಗಳ ಚಿತ್ರವನ್ನು ಸುರಂಗದ ಪಥದ ಜೊತೆ ಹೋಲಿಸುವುದು. ಎರಡೂ ಹೊಂದಿದರೆ ವೇಗ ಒಂದು ಮೆಟ್ಟಿಲು ಮೇಲೆ. ಹೊಂದದಿದ್ದರೆ ಮತ್ತೆ ಸುರಂಗಕ್ಕೆ. ಕೊನೆಗೆ ಕೆಟ್ಟ ಸಂದರ್ಭಗಳ ಸರದಿ ಬರುತ್ತದೆ: ಎಂಜಿನ್ ಕೈಕೊಟ್ಟಾಗ ಎಲ್ಲವನ್ನೂ ಒಟ್ಟಿಗೆ ಎಸೆದು ಹಗುರವಾಗಬೇಕಾದ ವಿಮಾನ, ನಾಲ್ಕರಲ್ಲಿ ಒಂದು ಮಾತ್ರ ಅಂಟಿಕೊಂಡು ಉಳಿದ ರ‍್ಯಾಕ್. ಅವೂ ಪರೀಕ್ಷೆಯಾಗಿ, ಯಾವ ವೇಗದಲ್ಲಿ, ಯಾವ ಎತ್ತರದಲ್ಲಿ ಬಿಡಬಹುದು ಎಂಬ ಮಿತಿಗಳು ವಿಮಾನದ ಕೈಪಿಡಿಗೆ ಸೇರಿದ ಮೇಲೆಯೇ ಪೈಲಟ್‌ಗೆ ಅದನ್ನು ಹೊತ್ತು ಹೋಗುವ ಅನುಮತಿ ಸಿಗುವುದು.