ತಲೆಗೆ ಪೆಟ್ಟು ಬಿದ್ದ ಮೇಲೆ ನೆನಪಿನ ಜೋಪಾನ



ಅಡಿಕೆ ಮರದಿಂದ ಜಾರಿಯೋ, ಟ್ರ್ಯಾಕ್ಟರಿನಿಂದ ಇಳಿಯುವಾಗ ಕಾಲು ತಪ್ಪಿಯೋ, ಕೊಟ್ಟಿಗೆಯಲ್ಲಿ ಎಮ್ಮೆ ತಳ್ಳಿಯೋ ತಲೆಗೆ ಪೆಟ್ಟು ಬೀಳುವುದು ನಮ್ಮ ಕಸುಬಿನಲ್ಲಿ ಹೊಸದಲ್ಲ. ರಕ್ತ ಬರಲಿಲ್ಲವೆಂದು ಮುಖ ತೊಳೆದುಕೊಂಡು ಮರುದಿನವೇ ಕೆಲಸಕ್ಕಿಳಿಯುವುದೂ ವಾಡಿಕೆ. ಬೇಸಾಯ ಶಾಸ್ತ್ರದವನಿಗೆ ತಲೆಯ ಮಾತೇಕೆ ಎಂದು ತಾವು ಕೇಳಬಹುದು. ಕೀಟನಾಶಕದ ಅಳತೆ, ಪಂಪಿನ ಸ್ಟಾರ್ಟರು, ಒಕ್ಕಣೆ ಯಂತ್ರದ ಬಾಯಿ ಇವು ಮಂಕು ಕವಿದವನ ಕೈಗೆ ಸಿಕ್ಕರೆ ಏನಾದೀತೆಂದು ಯೋಚಿಸಿರಿ.

ಮೆದುಳು ಬುರುಡೆಯೊಳಗೆ ದ್ರವದಲ್ಲಿ ತೇಲುವ ಮೆದುವಾದ ಅಂಗ. ಪೆಟ್ಟು ಬಿದ್ದಾಗ ಅದು ಒಳಗೇ ಅಲುಗಿ ಸೂಕ್ಷ್ಮ ನರತಂತುಗಳು ಜಗ್ಗುತ್ತವೆ. ಇದಕ್ಕೆ ಎಚ್ಚರ ತಪ್ಪಲೇಬೇಕೆಂದಿಲ್ಲ. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ರೂಪಿಸಿದ ಅಳತೆಯಲ್ಲಿ 15ಕ್ಕೆ 13 ಅಥವಾ ಹೆಚ್ಚು ಅಂಕ ಬಂದರೆ ಲಘು ಪೆಟ್ಟೆಂದು ಎಣಿಸುತ್ತಾರೆ. ಸಿ.ಟಿ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ತಲೆನೋವು, ಬೇಗ ಸಿಟ್ಟು, ಲೆಕ್ಕ ತಪ್ಪುವುದು, ಈಗ ಕೇಳಿದ್ದನ್ನು ಈಗಲೇ ಮರೆಯುವುದು ಇರಬಹುದು. ಇದು ಸೋಮಾರಿಯ ಸೋಗಲ್ಲ. ಮನೆಯವರು ಇದನ್ನು ಮೊದಲು ಅರಿಯಬೇಕು. ಬಹುಮಂದಿಗೆ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಮೂರು ತಿಂಗಳಲ್ಲಿ ಗುಣವಾಗುತ್ತದೆ.

ಆದರೆ ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸು, ಮಾತು ತೊದಲುವಿಕೆ, ಒಂದು ಕೈ ಅಥವಾ ಕಾಲು ಸೋಲುವುದು, ಕಿವಿ ಮೂಗಿನಿಂದ ನೀರು ಅಥವಾ ರಕ್ತ ಸೋರುವುದು ಕಂಡರೆ ತಡಮಾಡದೆ 108ಕ್ಕೆ ಫೋನು ಮಾಡಿ ದೊಡ್ಡ ಆಸ್ಪತ್ರೆಗೆ ಸಾಗಿಸತಕ್ಕದ್ದು. ಮೊದಲ ದಿನ ರಾತ್ರಿ ಒಬ್ಬರು ಜೊತೆಯಲ್ಲಿರಲಿ. ಆಸ್ಪಿರಿನ್ ಮಾತ್ರೆಯನ್ನು ತಾವಾಗಿ ನುಂಗಬಾರದು. ಸಾರಾಯಿಯಂತೂ ಬೇಡವೇ ಬೇಡ.

ಹಿಂದೆ ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವ ಸಲಹೆಯಿತ್ತು. ಈಗ ಅದನ್ನು ಕೈಬಿಡಲಾಗಿದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸೇರಿದ್ದ ಕ್ರೀಡಾ ವೈದ್ಯತಜ್ಞರು, ಒಂದೆರಡು ದಿನ ಬಿಡುವು ಕೊಟ್ಟು ಆಮೇಲೆ ಲಘು ನಡಿಗೆಯಿಂದ ಹಂತ ಹಂತವಾಗಿ ಚಟುವಟಿಕೆ ಹೆಚ್ಚಿಸುವುದೇ ಮೇಲೆಂದು ತಿಳಿಸಿದರು. ನಾಟಿ ಮಾಡಿದ ಭತ್ತದ ಪೈರನ್ನು ನೆನೆಸಿಕೊಳ್ಳಿ. ಬೇರೂರುವವರೆಗೆ ತೆಳುವಾಗಿ ನೀರು ನಿಲ್ಲಿಸುತ್ತೇವೆಯೇ ಹೊರತು ಮುಳುಗಿಸುವುದೂ ಇಲ್ಲ, ಒಣಗಿಸುವುದೂ ಇಲ್ಲ. ಮೊದಲ ಎರಡು ದಿನ ಮೊಬೈಲ್, ಟಿ.ವಿ. ದೂರವಿಡಿ. ಬಳಿಕ ಮನೆಯಂಗಳ, ತೋಟದ ದಾರಿ, ಆಮೇಲೆ ಹಗುರವಾದ ಕೆಲಸ. ತಲೆನೋವು ಜೋರಾದರೆ ಒಂದು ಹೆಜ್ಜೆ ಹಿಂದೆ ಬನ್ನಿರಿ. ರಾತ್ರಿ ಚೆನ್ನಾಗಿ ನಿದ್ದೆಯಾಗಬೇಕು.

ಈ ಅವಧಿಯಲ್ಲಿ ನೆನಪನ್ನೇ ನಂಬಿ ಕೂರಬೇಡಿ. ಜೇಬಿನಲ್ಲೊಂದು ಸಣ್ಣ ನೋಟ್‌ಬುಕ್ ಇರಲಿ: ಯಾವ ಮಡಿಗೆ ನೀರು ಬಿಟ್ಟಿರಿ, ಯೂರಿಯಾ ಎಷ್ಟು ಹಾಕಿದಿರಿ, ಯಾರಿಗೆ ಕೂಲಿ ಕೊಟ್ಟಿರಿ ಎಂದು ಆಗಿಂದಾಗಲೇ ಬರೆಯಿರಿ. ಒಂದು ಹೊತ್ತಿಗೆ ಒಂದೇ ಕೆಲಸ. ಸಾಲಪತ್ರಕ್ಕೆ ರುಜು, ಜಮೀನಿನ ವ್ಯವಹಾರ ಮುಂದೂಡಿರಿ. ಔಷಧಿ ಬೆರೆಸುವುದು, ಮರ ಹತ್ತುವುದು, ವಾಹನ ಓಡಿಸುವುದು ವೈದ್ಯರು ಒಪ್ಪುವವರೆಗೆ ಬೇರೆಯವರ ಪಾಲಿಗಿರಲಿ. ಸುಗ್ಗಿಯ ಕಾಲದಲ್ಲಿ ಇದು ಕಷ್ಟವೇ. ಮುಯ್ಯಾಳು ಪದ್ಧತಿ ಇರುವುದು ಇಂಥ ಹೊತ್ತಿಗೇ. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಹಾನಿ ಬಹಳ ಹೆಚ್ಚು.

ಮನೆಯ ಹಿರಿಯರು ಬಿದ್ದಿದ್ದರೆ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾಗಿದ್ದರೆ, ಆ ದಿನವೇ ವೈದ್ಯರಿಗೆ ತೋರಿಸಿರಿ. ಅವರಲ್ಲಿ ರಕ್ತ ನಿಧಾನವಾಗಿ ಜಿನುಗಿ, ವಾರಗಳ ನಂತರ ಮರೆವು, ತೂಕಡಿಕೆ, ನಡಿಗೆಯ ತೂರಾಟ ಕಾಣಿಸಬಹುದು. ವಯಸ್ಸಾಯಿತೆಂದು ಬಿಟ್ಟುಬಿಡದೆ, ಬಿದ್ದ ದಿನಾಂಕವನ್ನು ವೈದ್ಯರಿಗೆ ಹೇಳಿರಿ.