ಮನೆತನದ ಕೂಟ ಮತ್ತು ವಂಶಾವಳಿ

ಕಳೆದ ವರ್ಷ ನಮ್ಮ ನಗರದಲ್ಲಿ ನಡೆದ ಒಂದು ಮನೆತನದ ಕೂಟಕ್ಕೆ ನಮಗೂ ಕರೆ ಬಂದಿತ್ತು. ರಾಯಚೂರು ಜಿಲ್ಲೆಯ ಒಂದು ಹಳ್ಳಿಯಿಂದ ಮೂರು ತಲೆಮಾರಿನ ಹಿಂದೆ ಹೊರಟು, ಹೊಟ್ಟೆಪಾಡಿಗಾಗಿ ದಿಕ್ಕಿಗೊಬ್ಬರಾಗಿ ನೆಲೆಸಿದ ಒಂದೇ ಮೂಲದ ಎಪ್ಪತ್ತೆಂಬತ್ತು ಜನ ಕಾಚಿಗೂಡದ ಬಳಿ ಒಂದು ಬಾಡಿಗೆಯ ಸಭಾಂಗಣದಲ್ಲಿ ಸೇರಿದ್ದರು. ಅವರಲ್ಲಿ ಕಚೇರಿಯ ಗುಮಾಸ್ತರಿದ್ದರು, ಗೌಂಡಿ ಕೆಲಸದವರಿದ್ದರು, ಲಾರಿ ನಡೆಸುವವರಿದ್ದರು. ಕೆಲವರ ಮಕ್ಕಳಿಗೆ ತೆಲುಗೇ ಮನೆಮಾತಾಗಿತ್ತು. ಗೋಡೆಯ ಮೇಲೆ ದೊಡ್ಡ ಹಾಳೆಯೊಂದನ್ನು ಅಂಟಿಸಿ, ಅದರಲ್ಲಿ ಏಳು ತಲೆಮಾರುಗಳ ವಂಶವೃಕ್ಷವನ್ನು ಅಂದವಾಗಿ ಬರೆದಿದ್ದರು.

ಮಧ್ಯಾಹ್ನದ ಊಟವಾದ ಮೇಲೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದು ಆ ಹಾಳೆಯ ಮುಂದೆ ಬಂದು ನಿಂತರು. "ಇದರಾಗ ನಾನೆಲ್ಲಿ ಅದೀನಿ?" ಎಂದು ಕೇಳಿದರು. ಮೊಮ್ಮಗಳು ಬಹಳ ಹೊತ್ತು ಹುಡುಕಿದಳು. ಅಜ್ಜಿಯ ಇಬ್ಬರು ಅಣ್ಣಂದಿರ ಹೆಸರು ಇತ್ತು, ಅಜ್ಜಿಯ ಹೆಸರು ಇರಲಿಲ್ಲ. ಹೆಣ್ಣುಮಕ್ಕಳ ಹೆಸರು ಬರೆಯುವ ರೂಢಿ ಇಲ್ಲವೆಂದು ಹಾಳೆ ಸಿದ್ಧಪಡಿಸಿದ ತರುಣರು ಸಂಕೋಚದಿಂದ ಹೇಳಿದರು. ವಿಚಾರಿಸಿದಾಗ ತಿಳಿದದ್ದೇನೆಂದರೆ, ಆ ಹಾಳೆಯಲ್ಲಿದ್ದ ಹಿರಿಯರ ಹೆಸರುಗಳಲ್ಲಿ ಅರ್ಧಕ್ಕೂ ಹೆಚ್ಚು ಆ ಅಜ್ಜಿಯ ನೆನಪಿನಿಂದಲೇ ಬಂದಿದ್ದವು.

ಈ ಪ್ರಸಂಗವು ನಮ್ಮ ಮನಸ್ಸಿನಲ್ಲಿ ಉಳಿಯಿತು. ಇಂತಹ ಕೂಟಗಳನ್ನು ನಡೆಸುವ ಹಂಬಲ ನಮ್ಮ ವಾಚನಾಲಯಕ್ಕೆ ಬರುವ ಅನೇಕ ಬಾಂಧವರಲ್ಲಿಯೂ ಇದೆ. ಆದುದರಿಂದ ವಂಶಾವಳಿಯನ್ನು ಹಿಂದೆ ಯಾರು ಕಾಯುತ್ತಿದ್ದರು, ನಮ್ಮ ಕಡೆಯ ದಾಖಲೆಗಳು ಯಾವುವು, ಅದನ್ನು ಬರೆಯುವಾಗ ಯಾರನ್ನು ಬಿಡಬಾರದು ಎಂಬುದನ್ನು ತಿಳಿದಮಟ್ಟಿಗೆ ಇಲ್ಲಿ ವಿವರಿಸುತ್ತೇವೆ.

ಹೆಳವರ ಹೊತ್ತಿಗೆ

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಬೆಳೆದವರು ಹೆಳವರನ್ನು ನೋಡಿಯೇ ಇರುತ್ತಾರೆ. ಹೆಳವ ಎಂದರೆ ಕಾಲಿಲ್ಲದವನು. ಎತ್ತಿನ ಮೇಲೆ ಕುಳಿತು, ಕಾಲುಗಳನ್ನು ಬಟ್ಟೆಯಿಂದ ಮುಚ್ಚಿಕೊಂಡು, ಗಂಟೆಯ ಸದ್ದು ಮಾಡುತ್ತ ಅವರು ಊರಿಗೆ ಬರುತ್ತಿದ್ದರು. ತಮ್ಮ ಒಕ್ಕಲು ಮನೆಗಳ ಮುಂದೆ ನಿಂತು, ಆ ಮನೆತನದ ಮೂಲ ಯಾವ ಊರು, ಅಲ್ಲಿಂದ ಎಲ್ಲಿಗೆ ಬಂದರು, ಯಾರಿಗೆ ಯಾರು ಮಕ್ಕಳು ಎಂಬುದನ್ನು ಹಾಡಿನ ಧಾಟಿಯಲ್ಲಿ ಹೇಳುತ್ತಿದ್ದರು. ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರನ್ನು ಹೊತ್ತಿಗೆಗೆ ಸೇರಿಸಿಕೊಂಡು, ಕಾಳುಕಡಿಯನ್ನೋ ದನವನ್ನೋ ಕಾಣಿಕೆಯಾಗಿ ಪಡೆದು ಮುಂದಿನ ಊರಿಗೆ ಸಾಗುತ್ತಿದ್ದರು. ಈ ವೃತ್ತಿ ಇಂದಿಗೂ ಪೂರ್ತಿಯಾಗಿ ನಿಂತಿಲ್ಲ. ಎತ್ತಿನ ಬದಲು ಮೋಟಾರು ವಾಹನ ಬಂದಿದೆ, ಅಷ್ಟೆ.

ನಾವಿರುವ ತೆಲುಗು ನಾಡಿನಲ್ಲಿ ಇದೇ ಕೆಲಸವನ್ನು ಪಿಚ್ಚಿಗುಂಟ್ಲು ಎಂಬ ಜನ ಮಾಡುತ್ತ ಬಂದಿದ್ದಾರೆ. ಅವರ ಮೂಲಕಥೆಯಲ್ಲಿಯೂ ಕಾಲಿಲ್ಲದ ಒಬ್ಬ ಸಹೋದರ ಬರುತ್ತಾನೆ. ದೂರದ ಹರಿದ್ವಾರದಲ್ಲಿ ತೀರ್ಥಪುರೋಹಿತರಾದ ಪಂಡಾಗಳು ಯಾತ್ರಿಕರ ಕುಟುಂಬಗಳ ಹೆಸರನ್ನು ಊರುವಾರು ಬಹಿಗಳಲ್ಲಿ ಬರೆದಿಡುತ್ತಾರೆ. ತಾತ ಬಂದಾಗ ಬರೆಯಿಸಿದ ಸಾಲಿನ ಕೆಳಗೆ ಮೊಮ್ಮಗ ಬಂದು ತನ್ನ ಸಾಲನ್ನು ಸೇರಿಸುವುದುಂಟು.

ಹೆಳವರ ಉಪಕಾರ ದೊಡ್ಡದು. ಆದರೂ ಆ ಹೊತ್ತಿಗೆ ಒಕ್ಕಲನ್ನು ಅನುಸರಿಸುತ್ತದೆ, ಒಕ್ಕಲು ಹೊಲ ಮನೆಗಳನ್ನು ಅನುಸರಿಸುತ್ತದೆ. ಹೊಲವಿಲ್ಲದೆ ಗುಳೆ ಹೋದವನ ಬಾಗಿಲಿಗೆ ಹೆಳವರು ಬರುವುದು ಹೇಗೆ? ಮದುವೆಯಾಗಿ ಹೋದ ಮಗಳ ಸಂತತಿ ಗಂಡನ ಮನೆಯ ಲೆಕ್ಕಕ್ಕೆ ಸೇರಿತು. ಹೀಗೆ ಅನೇಕರು ಯಾವ ಹೊತ್ತಿಗೆಗೂ ಸೇರದೆ ಹೋದರು.

ಕಾಗದಪತ್ರಗಳು

ಎರಡನೆಯ ಮೂಲ ಸರ್ಕಾರಿ ಕಾಗದ. ಬೀದರ್, ಗುಲಬರ್ಗಾ, ರಾಯಚೂರು ಜಿಲ್ಲೆಗಳು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದ ಆಡಳಿತ ಭಾಷೆ ೧೮೮೪ರವರೆಗೆ ಪಾರ್ಸಿ, ಆಮೇಲೆ ಉರ್ದು. ಆದ್ದರಿಂದ ನಮ್ಮ ಅಜ್ಜಂದಿರ ಕನ್ನಡ ಹೆಸರುಗಳು ಉರ್ದು ಲಿಪಿಯಲ್ಲಿ ಬರೆಯಲ್ಪಟ್ಟು, ಮತ್ತೆ ಅಲ್ಲಿಂದ ಕನ್ನಡಕ್ಕೋ ತೆಲುಗಿಗೋ ಬರುವಷ್ಟರಲ್ಲಿ ರೂಪ ಬದಲಿಸಿರುವುದುಂಟು. ಹೆಸರಿನ ಒಂದಕ್ಷರ ಬೇರೆಯಾಯಿತೆಂದು ಕಾಗದವನ್ನು ಬದಿಗೆ ಸರಿಸಬಾರದು. ತಂದೆಯ ಹೆಸರು, ಊರು, ಸರ್ವೆ ನಂಬರು ಹೊಂದುತ್ತವೆಯೇ ಎಂದು ಮೊದಲು ನೋಡಬೇಕು. ಇನಾಮು ಇದ್ದ ಮನೆಗಳಲ್ಲಿ ವಿರಾಸತ್ ವಿಚಾರಣೆಯ ಕಾಗದಗಳಿದ್ದರೆ ಅವುಗಳ ಜೊತೆಗೆ 'ಶಜರಾ' ಎಂಬ ನಕ್ಷೆ ಇರುವುದುಂಟು. ಅರಬ್ಬಿಯಲ್ಲಿ ಶಜರ್ ಎಂದರೆ ಮರ. ನಾವು ವಂಶವೃಕ್ಷವೆನ್ನುವುದನ್ನೇ ಅವರೂ ಮರವೆಂದೇ ಕರೆದರು.

ಹಳೆಯ ಕಾಗದಗಳಲ್ಲಿ ಇಸವಿಯ ಬದಲು ಫಸಲಿ ವರ್ಷವಿರುತ್ತದೆ. ಇದನ್ನು ತಿಳಿಯದೆ ತಾತನ ಹುಟ್ಟಿದ ವರ್ಷ ೧೩೪೦ ಎಂದು ಕಂಡು ಗಾಬರಿಯಾದವರಿದ್ದಾರೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆಜುರ್ ತಿಂಗಳಿನಿಂದ ಮೊದಲಾಗುತ್ತಿತ್ತು. ಅಕ್ಟೋಬರಿನಿಂದ ಡಿಸೆಂಬರ್‌ವರೆಗಿನ ದಿನವಾದರೆ ಫಸಲಿಗೆ ೫೯೦ ಕೂಡಿಸಬೇಕು, ಜನವರಿಯಿಂದಾಚೆಗಿನ ದಿನವಾದರೆ ೫೯೧ ಕೂಡಿಸಬೇಕು. ಹೀಗೆ ಫಸಲಿ ೧೩೪೦ ಎಂದರೆ ೧೯೩೦-೩೧. ಶಾಲೆಯ ದಾಖಲೆಯಲ್ಲಿ ಜೂನ್ ೧ ಎಂದು ಇದ್ದರೆ ಅದನ್ನೂ ಪೂರ್ತಿಯಾಗಿ ನಂಬಬೇಕಾಗಿಲ್ಲ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆ ಗುರುಗಳು ಬರೆದುಕೊಟ್ಟ ದಿನ ಅದು. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದದ್ದು ೧೯೬೯ರಲ್ಲಿ.

ಇನ್ನೊಂದು ತೊಡಕು ೧೯೫೬ರದು. ಆ ವರ್ಷ ನವೆಂಬರ್ ೧ರಂದು ಸಂಸ್ಥಾನ ಮೂರು ಪಾಲಾಯಿತು. ಗುಲಬರ್ಗಾ ಜಿಲ್ಲೆಯ ಕೊಡಂಗಲ್ ಮತ್ತು ತಾಂಡೂರು, ರಾಯಚೂರು ಜಿಲ್ಲೆಯ ಗದ್ವಾಲ ಮತ್ತು ಆಲಂಪುರ, ಬೀದರ್ ಜಿಲ್ಲೆಯ ಜಹೀರಾಬಾದ್ ಮತ್ತು ನಾರಾಯಣಖೇಡ ಭಾಗಗಳು ಆಂಧ್ರ ಪ್ರದೇಶಕ್ಕೆ ಸೇರಿದವು. ಬೀದರ್ ಜಿಲ್ಲೆಯದೇ ಆದ ಉದಗೀರ, ನಿಲಂಗಾ, ಅಹಮದಪುರಗಳು ಅಂದಿನ ಮುಂಬಯಿ ರಾಜ್ಯಕ್ಕೆ ಹೋದವು. ಒಂದು ಹೆಜ್ಜೆಯನ್ನೂ ಕಿತ್ತಿಡದೆ ಅಣ್ಣ ಒಂದು ರಾಜ್ಯದವನೂ ತಮ್ಮ ಇನ್ನೊಂದು ರಾಜ್ಯದವನೂ ಆದ ಮನೆತನಗಳು ಇವೆ. ಆದ್ದರಿಂದ ಇಂದು ತೆಲಂಗಾಣದಲ್ಲಿರುವ ಕೊಡಂಗಲ್ಲಿನ ಹಿರಿಯರ ಕಾಗದದಲ್ಲಿ ಗುಲಬರ್ಗಾ ಜಿಲ್ಲೆ ಎಂದು ಕಂಡರೆ ಅದು ತಪ್ಪಲ್ಲ.

ರೈತಾಪಿ ಮನೆತನದವರಿಗೆ ೧೯೫೪-೫೫ರ ಖಾಸ್ರಾ ಪಹಣಿ ಬಹಳ ಉಪಯುಕ್ತ. ಜಮೀನು ಯಾರ ಹೆಸರಿನಲ್ಲಿತ್ತು, ಸಾಗುವಳಿ ಯಾರದು ಎಂಬುದು ಅದರಲ್ಲಿ ಸಿಗುತ್ತದೆ. ಸಂಸ್ಥಾನದ ಕಾಲದ ಆಡಳಿತ ಕಾಗದಗಳಿಗಾಗಿ ನಮ್ಮ ನಗರದ ತಾರ್ನಾಕದಲ್ಲಿ ರಾಜ್ಯ ಪತ್ರಾಗಾರವಿದೆ. ಆದರೆ ಕೂಲಿಯವನ ಹೆಸರು ಪಹಣಿಯಲ್ಲಿಯೂ ಇಲ್ಲ, ವಿರಾಸತ್ತಿನಲ್ಲಿಯೂ ಇಲ್ಲ. ಅವನ ವಂಶಾವಳಿ ಇರುವುದು ಹಿರಿಯರ ಬಾಯಲ್ಲಿ ಮಾತ್ರ. ಅಂಥವರಿಗೆ ಈ ಕೂಟಗಳೇ ದಫ್ತರ.

ಹೆಣ್ಣುಮಕ್ಕಳ ಹೆಸರು

ಈಗ ಅಜ್ಜಿಯ ಪ್ರಶ್ನೆಗೆ ಬರೋಣ. ಒಬ್ಬ ಮನುಷ್ಯನಿಗೆ ತಂದೆ ತಾಯಿ ಇಬ್ಬರು, ಅವರ ತಂದೆ ತಾಯಿಗಳು ನಾಲ್ವರು, ಅದರ ಹಿಂದೆ ಎಂಟು. ಹೀಗೆ ಇಮ್ಮಡಿಸುತ್ತ ಹೋದರೆ ಹತ್ತನೆಯ ತಲೆಗೆ ೧೦೨೪ ಸ್ಥಾನಗಳಾಗುತ್ತವೆ. ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ ಎಂದು ಗಂಡುಗೆರೆ ಒಂದನ್ನೇ ಹಿಡಿದು ಹತ್ತು ತಲೆ ಹಿಂದೆ ಹೋದವನು ಆ ತಲೆಯ ೧೦೨೪ ಸ್ಥಾನಗಳಲ್ಲಿ ಒಂದನ್ನು ಮಾತ್ರ ಮುಟ್ಟಿರುತ್ತಾನೆ. ಉಳಿದ ೧೦೨೩ ಅವನ ಹಾಳೆಯಲ್ಲಿ ಇರುವುದಿಲ್ಲ. ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇರುವುದರಿಂದ ಒಬ್ಬರೇ ಎರಡು ಮೂರು ಸ್ಥಾನಗಳಲ್ಲಿ ಬರುವುದುಂಟು. ಆ ಸಂಬಂಧ ತಿಳಿಯಬೇಕಾದರೂ ಹೆಣ್ಣುಮಕ್ಕಳ ಹೆಸರು ಬರೆಯಲೇಬೇಕು.

ಇದು ಮರ್ಯಾದೆಯ ಮಾತು ಮಾತ್ರವಲ್ಲ, ಹಕ್ಕಿನ ಮಾತೂ ಹೌದು. ಹಿಂದೂ ಉತ್ತರಾಧಿಕಾರ ಕಾಯಿದೆಗೆ ೨೦೦೫ರಲ್ಲಿ ಆದ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಬಂದಿತು. ಆ ಹಕ್ಕು ಹುಟ್ಟಿನಿಂದಲೇ ಬರುವಂಥದು, ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂಬ ನಿಯಮವಿಲ್ಲ ಎಂದು ಸುಪ್ರೀಂ ಕೋರ್ಟು ೨೦೨೦ರ ಆಗಸ್ಟಿನಲ್ಲಿ ತೀರ್ಪಿತ್ತಿತು. ಊರಿನ ಹೊಲದ ಪೌತಿ ಖಾತೆಗಾಗಿ ನಾಡಕಚೇರಿಯಲ್ಲಿ ವಂಶವೃಕ್ಷವನ್ನು ಒಪ್ಪಿಸುವಾಗ ಅಕ್ಕತಂಗಿಯರ ಹೆಸರನ್ನು ಬಿಟ್ಟು ಬರೆದರೆ ಅದು ಸುಳ್ಳು ಹೇಳಿಕೆಯಾಗುತ್ತದೆ, ಮುಂದೆ ವ್ಯಾಜ್ಯಕ್ಕೂ ದಾರಿಯಾಗುತ್ತದೆ. ಊರು ಬಿಟ್ಟು ಇಲ್ಲಿ ದುಡಿಯುವ ತಮ್ಮನ ಹೆಸರನ್ನು ಊರಿನಲ್ಲಿ ಉಳಿದವರು ಬಿಟ್ಟರೂ ಅಷ್ಟೇ. ಮಗಳ ಹೆಸರು ಬಿಡುವ ರೂಢಿಯನ್ನು ಒಪ್ಪಿಕೊಂಡವನು ತನ್ನ ಹೆಸರು ಬಿಟ್ಟುಹೋದಾಗ ಯಾವ ಬಾಯಿಂದ ಕೇಳಬೇಕು?

ಕೂಟದಲ್ಲಿ ಮಾಡಬೇಕಾದುದು

ಕೂಟವೆಂದರೆ ಊಟ, ಛಾಯಾಚಿತ್ರ, ಸನ್ಮಾನ ಇಷ್ಟರಲ್ಲೇ ದಿನ ಮುಗಿಯುವುದುಂಟು. ಬೆಳಗಿನ ಎರಡು ತಾಸನ್ನಾದರೂ ಹಿರಿಯರ ಮಾತನ್ನು ಬರೆದುಕೊಳ್ಳಲು ಇಟ್ಟುಕೊಳ್ಳಬೇಕು. ಒಬ್ಬೊಬ್ಬರಿಗೂ ಬೇರೆ ಚೀಟಿ ಮಾಡಿ ಹೆಸರು, ಕರೆಯುವ ಹೆಸರು, ಹುಟ್ಟೂರು, ಹೆಣ್ಣಾದರೆ ತವರು ಮತ್ತು ಕೊಟ್ಟ ಊರು, ಮಾಡಿದ ಕೆಲಸ, ಇದನ್ನು ಹೇಳಿದವರು ಯಾರು ಎಂದು ಬರೆಯಬೇಕು. ಸಂಬಂಧವನ್ನು ನಮ್ಮ ಮಾತಿನಲ್ಲಿಯೇ ಬರೆಯಬೇಕು. 'ಅಂಕಲ್' ಎಂದು ಬರೆದರೆ ದೊಡ್ಡಪ್ಪನೋ, ಚಿಕ್ಕಪ್ಪನೋ, ಸೋದರಮಾವನೋ ಮುಂದಿನವರಿಗೆ ತಿಳಿಯದು. ತೆಲುಗರ ಇಂಟಿಪೇರು ಹೆಸರಿಗಿಂತ ಮುಂಚೆ ಬರುತ್ತದೆ, ನಮ್ಮ ಕಡೆಯ ಅಡ್ಡಹೆಸರು ಕೊನೆಗೆ ಬರುತ್ತದೆ. ಇಲ್ಲಿ ಹುಟ್ಟಿದ ಮಕ್ಕಳ ಚೀಟಿಯಲ್ಲಿ ಇವೆರಡೂ ಬೆರೆಯದಂತೆ ನೋಡಿಕೊಳ್ಳಬೇಕು.

ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಆದರೆ ಘಟನೆ ನೆನಪಿರುತ್ತದೆ. ೧೯೦೮ರ ಸೆಪ್ಟೆಂಬರಿನ ಮೂಸಿ ಪ್ರವಾಹ, ೧೯೧೮ರ ಇನ್‌ಫ್ಲುಯೆಂಜಾ, ೧೯೪೮ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆ, ೧೯೭೨ರ ಬರ ಇವುಗಳ ಹಿಂದೋ ಮುಂದೋ ಎಂದು ಕೇಳಿದರೆ ಕಾಲ ತಾನಾಗಿಯೇ ಗೊತ್ತಾಗುತ್ತದೆ. ಆದರೆ ಉತ್ತರವನ್ನು ನಾವೇ ಬಾಯಿಗಿಡಬಾರದು. "ನಿಮ್ಮ ಅಜ್ಜ ದೇಸಾಯರಲ್ಲವೇ?" ಎಂದು ಕೇಳಿದರೆ ಹೌದೆನ್ನುವುದು ಮನುಷ್ಯ ಸ್ವಭಾವ. ಅಮೆರಿಕದ ನೀಗ್ರೋ ಲೇಖಕ ಅಲೆಕ್ಸ್ ಹೇಲಿ ತನ್ನ ಪೂರ್ವಜನನ್ನು ಅರಸಿ ಆಫ್ರಿಕಾದ ಗ್ಯಾಂಬಿಯಾದ ಹಳ್ಳಿಗೆ ಹೋಗಿ, ಅಲ್ಲಿಯ ವಂಶಾವಳಿ ಹೇಳುವವನ ಬಾಯಿಂದ ಕೇಳಿದ್ದನ್ನು ೧೯೭೬ರಲ್ಲಿ 'ರೂಟ್ಸ್' ಎಂಬ ಗ್ರಂಥದಲ್ಲಿ ಬರೆದು ಲೋಕಪ್ರಸಿದ್ಧನಾದನು. ಅವನು ಏನನ್ನು ಹುಡುಕುತ್ತಿದ್ದಾನೆಂಬುದು ಆ ಹಳ್ಳಿಯವರಿಗೆ ಮೊದಲೇ ಗೊತ್ತಿದ್ದಿರಬೇಕೆಂದು ಆಮೇಲೆ ವಿಚಾರಿಸಿದವರು ಸಂಶಯಪಟ್ಟರು. ಆದ್ದರಿಂದ ಒಂದೇ ಮಾತನ್ನು ಇಬ್ಬರಿಂದ ಬೇರೆಬೇರೆಯಾಗಿ ಕೇಳುವುದು ಮೇಲು. ಇಬ್ಬರ ಮಾತು ಹೊಂದದಿದ್ದರೆ ಎರಡನ್ನೂ ಬರೆದಿಡಬೇಕು.

ಮರೆಮಾಚಿದ ಸಂಗತಿಗಳೂ ಹೊರಬರಬಹುದು. ದತ್ತು, ಮರುಮದುವೆ, ಜಾತಿಮೀರಿದ ಮದುವೆ, ಮನೆಬಿಟ್ಟು ಹೋದವರು ಇವು ಇಲ್ಲದ ಮನೆತನವಿಲ್ಲ. ಬದುಕಿರುವವರ ಮನಸ್ಸಿಗೆ ನೋವಾಗುವಂಥದನ್ನು ಗೋಡೆಯ ಹಾಳೆಗೆ ಏರಿಸುವುದು ಬೇಡ. ಹಾಗೆಂದು ಮನುಷ್ಯರನ್ನೇ ಅಳಿಸುವುದೂ ಬೇಡ. ಹಳೆಯ ಛಾಯಾಚಿತ್ರಗಳ ಹಿಂದೆ ಸೀಸದ ಕಡ್ಡಿಯಿಂದ ಹೆಸರು ಬರೆಯಬೇಕು. ಎಲ್ಲವೂ ಆದ ಮೇಲೆ ಪ್ರತಿಗಳನ್ನು ಮಾಡಿ ಕನಿಷ್ಠ ಮೂರು ಮನೆಗಳಲ್ಲಿ ಇಡಬೇಕು. ಒಂದು ಪ್ರತಿ ಊರಿನಲ್ಲಿರಲಿ.

ಆ ದಿನ ಕಾಚಿಗೂಡದ ಕೂಟದಲ್ಲಿ ತರುಣರು ತಡಮಾಡಲಿಲ್ಲ. ಹಾಳೆಯನ್ನು ಗೋಡೆಯಿಂದ ಇಳಿಸಿ, ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವರು ಹೇಳಿದಂತೆ ಬರೆಯತೊಡಗಿದರು. ಸಂಜೆಯ ಹೊತ್ತಿಗೆ ಅಜ್ಜಿಯ ಹೆಸರಲ್ಲದೆ ಇನ್ನೂ ಇಪ್ಪತ್ತಾರು ಹೆಣ್ಣುಮಕ್ಕಳ ಹೆಸರು ಸೇರಿದ್ದವು. ಅವರಲ್ಲಿ ಒಬ್ಬಾಕೆಯ ಮಕ್ಕಳು ಇದೇ ನಗರದ ಇನ್ನೊಂದು ಬಡಾವಣೆಯಲ್ಲಿ ಇದ್ದಾರೆಂದು ಅಂದೇ ಗೊತ್ತಾಯಿತು. ಕೂಟಕ್ಕೆ ಅವರನ್ನು ಯಾರೂ ಕರೆದಿರಲಿಲ್ಲ, ಏಕೆಂದರೆ ಅವರು ಹಾಳೆಯಲ್ಲಿರಲಿಲ್ಲ.

ಮನೆಯಲ್ಲಿ ಹಿರಿಯರಿರುವ ಬಾಂಧವರು ಕೂಟದ ದಿನಕ್ಕಾಗಿ ಕಾಯದೆ ಈ ಭಾನುವಾರವೇ ಒಂದು ಚೀಟಿಯನ್ನಾದರೂ ಬರೆಯಬೇಕೆಂದು ನಮ್ಮ ವಿನಂತಿ. ಮೊದಲ ಚೀಟಿ ಅಜ್ಜಿಯದೇ ಆಗಲಿ.