ಗೋಲು ಹೊಡೆದಾಗ ಕೂಗುವವರು ಯಾರು?

ಕಾಲೇಜು ಫುಟ್‌ಬಾಲ್ ಪಂದ್ಯವೊಂದು ಹೇಗಿರುತ್ತದೆ ಎಂಬುದನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಓದಿದವರಿಗೆ ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಹತ್ತಕ್ಕೆಂದು ಹೇಳಿದ ಪಂದ್ಯ ಹನ್ನೊಂದೂವರೆಗೆ ಶುರುವಾಗುತ್ತದೆ. ಶಾಮಿಯಾನದ ನೆರಳು ಅತಿಥಿಗಳಿಗೆ. ಅವರು ಚೆಂಡನ್ನೊಮ್ಮೆ ಒದ್ದು, ಫೋಟೋ ತೆಗೆಸಿಕೊಂಡು ಹೊರಟ ಮೇಲೆ ಕುರ್ಚಿಗಳೂ ಖಾಲಿ. ಉಳಿಯುವವರು ಇಪ್ಪತ್ತೆರಡು ಆಟಗಾರರು, ದೈಹಿಕ ಶಿಕ್ಷಣ ನಿರ್ದೇಶಕರು, ಚೀಲ ಕಾಯುವ ಬದಲಿ ಹುಡುಗರು, ಮೈದಾನದ ಅಂಚಿನಲ್ಲಿ ಮೇಯುವ ನಾಲ್ಕಾರು ಆಡುಗಳು. ಗೋಲಾದಾಗ ಕೂಗಿದವನ ದನಿ ಅವನಿಗೇ ವಾಪಸು ಕೇಳಿಸುತ್ತದೆ.

ನಮ್ಮ ಜನಕ್ಕೆ ಆಟ ನೋಡುವ ಅಭ್ಯಾಸವಿಲ್ಲ ಎಂದು ಇದಕ್ಕೆ ಕಾರಣ ಹೇಳುವವರಿದ್ದಾರೆ. ಇದು ಒಪ್ಪುವ ಮಾತಲ್ಲ. ಇದೇ ಜನ ಜಾತ್ರೆಯ ಕುಸ್ತಿಗೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ, ಹೊನಲು ಬೆಳಕಿನ ಕಬಡ್ಡಿಗೆ ಮಧ್ಯರಾತ್ರಿಯವರೆಗೆ ಕೂರುತ್ತಾರೆ. ದುರ್ಗದ ಕೋಟೆಯೊಳಗೆ ಇಂದಿಗೂ ತೋರಿಸುವ ಗರಡಿಮನೆ, ಪಾಳೆಯಗಾರರ ಕಾಲದಿಂದಲೂ ಇಲ್ಲಿ ಮೈಪಳಗಿಸುವುದೂ ಅದನ್ನು ನಿಂತು ನೋಡುವುದೂ ಇತ್ತೆಂಬುದಕ್ಕೆ ಸಾಕ್ಷಿ. ಆದ್ದರಿಂದ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಬೇಕು. ಕುಸ್ತಿಯ ಕಣದ ಸುತ್ತ ತಾನಾಗಿ ಏಳುವ ಕಳೆ ಕಾಲೇಜಿನ ಫುಟ್‌ಬಾಲ್ ಮೈದಾನದ ಸುತ್ತ ಏಕೆ ಏಳುವುದಿಲ್ಲ?

ಜಾತ್ರೆಯ ಕುಸ್ತಿಯನ್ನು ಸ್ವಲ್ಪ ಬಿಡಿಸಿ ನೋಡೋಣ. 1997ರವರೆಗೆ ನಮ್ಮದೇ ಜಿಲ್ಲೆಯೊಳಗಿದ್ದ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ನಡೆಯುತ್ತದೆ. ಅದರ ಕುಸ್ತಿಗೆ ದೂರದೂರದ ಪೈಲ್ವಾನರು ಬರುತ್ತಾರೆ. ಇಂಥ ಕುಸ್ತಿಯ ದಿನ ಯಾವುದೆಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಜಾತ್ರೆಯ ದಿನ ಗೊತ್ತಾದರೆ ಕುಸ್ತಿಯ ದಿನವೂ ಗೊತ್ತಾದಂತೆ. ಜೋಡಿ ಕಟ್ಟಿದ್ದು ಮೊದಲೇ ಬಾಯಿಂದ ಬಾಯಿಗೆ ಹರಡಿರುತ್ತದೆ. ಕಣದ ಮಣ್ಣು ಹದ ಮಾಡಿ, ಅರಿಶಿನ ಕುಂಕುಮ ಹಾಕಿ ಪೂಜೆ ಮಾಡಿರುತ್ತಾರೆ. ಹಲಗೆಯ ಸದ್ದು ಊರಿನ ಆ ತುದಿಗೂ ಕೇಳುತ್ತದೆ. ಮೊದಲು ಎಳೆಯ ಹುಡುಗರ ಜೋಡಿಗಳು, ಹೊತ್ತು ಇಳಿದಂತೆ ದೊಡ್ಡವರು, ಕೊನೆಗೆ ಬೆಳ್ಳಿ ಗದೆಯ ಜೋಡಿ. ಹೀಗಾಗಿ ಮಧ್ಯದಲ್ಲಿ ಎದ್ದು ಹೋಗುವ ಮನಸ್ಸು ಯಾರಿಗೂ ಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು, ನೋಡುವವನು ಕಣಕ್ಕೆ ಎಷ್ಟು ಹತ್ತಿರ ಎಂಬುದು. ಪೈಲ್ವಾನನ ಉಸಿರು ಕೇಳುವಷ್ಟು ಹತ್ತಿರ. ಗೆದ್ದವನು ಕಣ ಸುತ್ತಿ ಬಂದಾಗ ಮುಂದಿನ ಸಾಲಿನವರು ಅವನ ಕೈಗೆ ಹತ್ತೋ ನೂರೋ ರೂಪಾಯಿ ತುರುಕುತ್ತಾರೆ. ಆ ಕ್ಷಣದಲ್ಲಿ ಪ್ರೇಕ್ಷಕನೂ ಆಟದ ಪಾಲುದಾರ.

ಕಾಲೇಜು ಆಟದ ಸುತ್ತ ಇಂಥ ಜಾತ್ರೆಯನ್ನೇ ಕಟ್ಟಿಕೊಂಡವರು ಅಮೆರಿಕದವರು. 1869ರ ನವೆಂಬರ್ 6ರಂದು ನ್ಯೂ ಬ್ರನ್ಸ್‌ವಿಕ್ ಎಂಬ ಊರಿನಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳು ಆಡಿದ ಪಂದ್ಯವನ್ನು ಅಲ್ಲಿನ ಕಾಲೇಜು ಫುಟ್‌ಬಾಲಿನ ಆರಂಭವೆನ್ನುತ್ತಾರೆ. ನೋಡಲು ಬಂದವರು ಸುಮಾರು ನೂರು ಮಂದಿ. ತಮ್ಮವರು ಯಾರು ಎದುರಿನವರು ಯಾರು ಎಂದು ಗೊತ್ತಾಗಲೆಂದು ರಟ್ಗರ್ಸ್ ಹುಡುಗರು ತಲೆಗೆ ಕೆಂಪು ಬಟ್ಟೆ ಸುತ್ತಿಕೊಂಡಿದ್ದರಂತೆ, ನಮ್ಮ ರುಮಾಲಿನ ಹಾಗೆ! ಗೆದ್ದದ್ದೂ ಅವರೇ, 6-4ರಿಂದ. ಮುಂದೆ ಆ ಆಟ ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಬೇರೆಯೇ ಆಟವಾಯಿತು. 1898ರಲ್ಲಿ ಮಿನೆಸೋಟ ವಿಶ್ವವಿದ್ಯಾಲಯದ ಜಾನಿ ಕ್ಯಾಂಪ್‌ಬೆಲ್ ಎಂಬ ವಿದ್ಯಾರ್ಥಿ ಜನರ ಮುಂದೆ ನಿಂತು ಕೂಗು ಹೇಳಿಕೊಟ್ಟ. ಇಂದಿನ ಚಿಯರ್‌ಲೀಡರ್ ಪದ್ಧತಿಯ ಬೇರು ಅಲ್ಲಿದೆ. ಇಂದು ಮಿಷಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣವೊಂದರಲ್ಲೇ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಪಂದ್ಯಕ್ಕೆ ಗಂಟೆಗಟ್ಟಲೆ ಮುಂಚೆಯೇ ವಾಹನ ನಿಲ್ಲಿಸುವ ಬಯಲಿಗೆ ಬಂದು, ಕಾರಿನ ಹಿಂಬಾಗಿಲು ತೆರೆದು, ಅಡುಗೆ ಮಾಡಿ ಹಂಚಿ ತಿನ್ನುತ್ತಾರೆ. ಹಳೆಯ ವಿದ್ಯಾರ್ಥಿಗಳು ಮೊಮ್ಮಕ್ಕಳನ್ನು ಕರೆತರುತ್ತಾರೆ.

ಇಷ್ಟು ಕೇಳಿ ‘ಅವರಲ್ಲಿ ದುಡ್ಡಿದೆ, ನಮ್ಮಲ್ಲಿ ಎಲ್ಲಿ?’ ಎನ್ನುವುದು ಸುಲಭ. ಆದರೆ ದುಡ್ಡಿಗಿಂತ ಮೊದಲು ಅವರಲ್ಲಿರುವುದು ಪಂಚಾಂಗ. ಇಂಥ ಶನಿವಾರ ಇಂಥ ಕಾಲೇಜು ನಮ್ಮ ಊರಿಗೆ ಆಡಲು ಬರುತ್ತದೆ ಎಂಬುದು ಅಲ್ಲಿ ಬಹಳ ಮುಂಚೆಯೇ ಗೊತ್ತಿರುತ್ತದೆ. ನಮ್ಮಲ್ಲಿ? ಈ ಭಾಗದ ಪದವಿ ಕಾಲೇಜುಗಳು ಮೊದಲು ಕುವೆಂಪು ವಿಶ್ವವಿದ್ಯಾಲಯಕ್ಕೆ ಸೇರಿದ್ದವು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾಲಯ ಬಂದ ಮೇಲೆ ಅದಕ್ಕೆ ಸೇರಿದವು. ಅಂತರ ಕಾಲೇಜು ಪಂದ್ಯಾವಳಿ ಎಂದರೆ ಯಾವುದೋ ಒಂದು ಕಾಲೇಜು ಆತಿಥ್ಯ ವಹಿಸುವುದು, ಎಲ್ಲ ತಂಡಗಳೂ ಅಲ್ಲಿಗೇ ಬರುವುದು, ಸೋತವರು ಸಂಜೆಯ ಬಸ್ಸಿಗೆ ವಾಪಸಾಗುವುದು, ಒಂದೆರಡು ದಿನದಲ್ಲಿ ಎಲ್ಲ ಮುಗಿಯುವುದು. ಖರ್ಚು ಕಡಿಮೆ, ಒಪ್ಪಿಕೊಳ್ಳೋಣ. ಆದರೆ ಹೊಳಲ್ಕೆರೆಯ ಕಾಲೇಜು ಹೊಳಲ್ಕೆರೆಯ ಜನರೆದುರು ಆಡುವ ದಿನ ಎಂಬುದೇ ಈ ಪದ್ಧತಿಯಲ್ಲಿ ಇಲ್ಲವಾಗಿದೆ. ತನ್ನೂರಿನ ಮೈದಾನದಲ್ಲಿ ಆಡದ ತಂಡಕ್ಕೆ ಊರು ಏಕೆ ಕೂಗಬೇಕು?

ಇನ್ನು ಕಟ್ಟಡದ ವಿಷಯ. ಇದನ್ನು ಸ್ವಲ್ಪ ಅಳತೆಯಲ್ಲೇ ಹೇಳಬೇಕು. ನಮ್ಮ ಬಹುತೇಕ ಜಿಲ್ಲಾ ಕ್ರೀಡಾಂಗಣಗಳು ಓಟದ ಪಥಕ್ಕಾಗಿ ಯೋಚಿಸಿ ಕಟ್ಟಿದವು; ಫುಟ್‌ಬಾಲ್ ಅಂಗಣವನ್ನು ಅದರ ಹೊಟ್ಟೆಯೊಳಗೆ ಕೂರಿಸಲಾಗುತ್ತದೆ. ಎಂಟು ಸಾಲಿನ 400 ಮೀಟರ್ ಪಥದೊಳಗೆ 105 ಮೀಟರ್ ಉದ್ದದ ಅಂಗಣ ಬಿಡಿಸಿದರೆ, ಗೋಲಿನ ಹಿಂದೆ ಕೂತವನಿಗೂ ಗೋಲು ಕಂಬಕ್ಕೂ ನಡುವೆ ಕನಿಷ್ಠ 36 ಮೀಟರ್ ಬಯಲು ಉಳಿಯುತ್ತದೆ. ಅಷ್ಟು ದೂರದ ಕೂಗು ಗಾಳಿಯ ಪಾಲು. ಜೋಗಿಮಟ್ಟಿಯ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟ ಊರು ನಮ್ಮದು, ಆಷಾಢದಲ್ಲಂತೂ ಕೇಳುವುದೇ ಬೇಡ. ಆದರೆ ಉದ್ದಬದಿಯಲ್ಲಿ ಈ ಅಂತರ ಸುಮಾರು 12 ಮೀಟರಿಗೆ ಇಳಿಯುತ್ತದೆ. ಅಂದರೆ ಇರುವ ಇನ್ನೂರು ಮುನ್ನೂರು ಜನರನ್ನು ಸುತ್ತಲೂ ಚೆಲ್ಲಾಡಲು ಬಿಡದೆ ಉದ್ದಬದಿಯ ಒಂದೇ ಕಡೆ, ಅದೂ ಪಡುವಣ ಬದಿಯಲ್ಲಿ ಕೂರಿಸಿದರೆ ಅರ್ಧ ಕೆಲಸ ಮುಗಿದಂತೆ. ಸಂಜೆಯ ಬಿಸಿಲು ಬೆನ್ನಿಗೆ ಬೀಳುತ್ತದೆ, ಕಣ್ಣಿಗಲ್ಲ. ಇನ್ನೂರು ಜನರ ಕೂಗು ಸಾವಿರ ಜನರದಾಗಿ ಕೇಳುತ್ತದೆ. ಓಟದ ಪಥವೇ ಇಲ್ಲದ ಸಣ್ಣ ಊರಿನ ಕಾಲೇಜು ಬಯಲುಗಳಿಗೆ ಇನ್ನೂ ಅನುಕೂಲ. ಅಲ್ಲಿ ಸುಣ್ಣದ ಗೆರೆಯ ಪಕ್ಕದಲ್ಲೇ ಚಾಪೆ ಹಾಸಬಹುದು.

ಬೆಂಗಳೂರಿನ ಉದಾಹರಣೆ ಇಲ್ಲಿ ನೆನಪಾಗುತ್ತದೆ. ಫುಟ್‌ಬಾಲಿಗೆ ಆ ಊರು ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1-2ರಿಂದ ಸೋತಾಗ ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು. ಆಮೇಲೆ ಬಹುಕಾಲ ಮಂಕು. 2013ರಲ್ಲಿ ಬೆಂಗಳೂರು ಎಫ್‌ಸಿ ಕ್ಲಬ್ ಹುಟ್ಟಿದಾಗ ಅದಕ್ಕೆ ಆಡಲು ಸಿಕ್ಕಿದ್ದು ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣ. ಅದರ ಪಶ್ಚಿಮದ ಅಟ್ಟಣೆಯಲ್ಲಿ ಒಂದಷ್ಟು ಯುವಕ ಯುವತಿಯರು ಒಟ್ಟಾಗಿ ನಿಂತು, ಡೋಲು ಬಡಿದು, ಹಾಡು ಕಟ್ಟಿ ಹಾಡತೊಡಗಿದರು. ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಆ ಬಳಗದ ಹೆಸರೇ ಕೂರುವ ಜಾಗದಿಂದ ಬಂದದ್ದು. ಕ್ಲಬ್ ಮೊದಲ ವರ್ಷವೇ ಐ-ಲೀಗ್ ಗೆದ್ದಿತು, ಕಂಠೀರವಕ್ಕೆ ಮನೆ ಬದಲಿಸಿತು, 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ಗೂ ಹೋಯಿತು. ಕಂಠೀರವದಲ್ಲೂ ಓಟದ ಪಥ ಅಡ್ಡವಿದೆ. ಆದರೂ ಒಂದೆಡೆ ಒತ್ತಾಗಿ ನಿಂತವರ ಹಾಡಿಗೆ ಅದು ಅಡ್ಡಿಯಾಗಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, 2023ರ ಮಾರ್ಚ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ! ನಮ್ಮ ಊರಿನ ಎಷ್ಟು ಮಂದಿಗೆ ಈ ಗೆಲುವು ಗೊತ್ತಾಯಿತು ಎಂಬುದು ಬೇರೆ ಮಾತು.

ಆದರೆ ನಮಗೆ ನಿಜವಾಗಿ ಪಾಠವಾಗಬೇಕಾದ್ದು ಬೆಂಗಳೂರಲ್ಲ, ಕೊಡಗು. 1997ರಲ್ಲಿ ಪಾಂಡಂಡ ಕುಟ್ಟಪ್ಪ ಎಂಬುವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಆರಂಭಿಸಿದಾಗ ಆಡಲು ಬಂದವು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬದಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು. ನಡುವೆ ಭೂಕುಸಿತ, ಕೋವಿಡ್‌ಗಳಿಂದ ಕೆಲವು ವರ್ಷ ನಿಂತಿದ್ದೂ ಉಂಟು. ಇದರ ಗುಟ್ಟೇನು? ಪ್ರತಿ ವರ್ಷ ಒಂದೊಂದು ಕುಟುಂಬ ಹೊಣೆ ಹೊರುತ್ತದೆ, ಕಪ್ಪಿಗೂ ಆ ಕುಟುಂಬದ್ದೇ ಹೆಸರು. ಆಡುವವರೂ ಮನೆತನದ ಹೆಸರಿನಲ್ಲಿ ಆಡುತ್ತಾರೆ. ಒಂದೇ ತಂಡದಲ್ಲಿ ಹೆಂಗಸರೂ ಗಂಡಸರೂ, ನರೆತ ತಲೆಗಳೂ ಎಳೆಯರೂ ಇರುತ್ತಾರೆ. ಆಟ ನಾಜೂಕಾಗಿಲ್ಲದಿದ್ದರೂ ಅಜ್ಜಿ ಗ್ಯಾಲರಿಯಿಂದ ಏಳುವುದಿಲ್ಲ, ಆಡುತ್ತಿರುವುದು ಅವಳ ಮೊಮ್ಮಗಳು. ಪ್ರೇಕ್ಷಕರನ್ನು ‘ಕರೆಸುವ’ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ.

ಈ ಮಾತನ್ನು ನಮ್ಮ ಕಡೆಗೆ ತಿರುಗಿಸಿ ನೋಡಿದರೆ ಮುಜುಗರವಾಗುತ್ತದೆ. ಚಿತ್ರದುರ್ಗದ ಕ್ರೀಡಾಂಗಣಕ್ಕೆ ಇಟ್ಟಿರುವುದು ಒನಕೆ ಓಬವ್ವನ ಹೆಸರು. ಆದರೆ ಈ ಜಿಲ್ಲೆಯ ಯಾವುದೇ ಊರಿನಲ್ಲಿ ಮಗಳ ಖೋಖೋ, ಮಗಳ ಫುಟ್‌ಬಾಲ್ ನೋಡಲೆಂದು ತಾಯಿ ಮೈದಾನಕ್ಕೆ ಬಂದು ಕೂರುವುದು ಎಷ್ಟು ಸಲ? ಬಂದರೂ ಎರಡು ಗಂಟೆ ಎಲ್ಲಿ ಕೂರಬೇಕು, ನೀರು ಎಲ್ಲಿ ಕುಡಿಯಬೇಕು, ಶೌಚಾಲಯ ಎಲ್ಲಿದೆ? ವಾತಾವರಣ ಸುಧಾರಣೆ ಎಂದರೆ ಬಣ್ಣದ ಬಾವುಟವೆಂದು ತಿಳಿದವರು ಈ ಮೂರು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಜನ ಸೇರಿಸುವುದಷ್ಟೇ ದೊಡ್ಡದಲ್ಲ, ಕ್ಷೇಮವಾಗಿ ಮನೆಗೆ ಕಳಿಸಬೇಕು. 1980ರ ಆಗಸ್ಟ್ 16ರಂದು ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಾಗಾನ್ – ಈಸ್ಟ್ ಬೆಂಗಾಲ್ ಪಂದ್ಯದ ವೇಳೆ 16 ಮಂದಿ ಸತ್ತರು. ಕಾಸರಗೋಡಿನಿಂದ ಮಲಪ್ಪುರಂವರೆಗೆ ಏಳು ಮಂದಿ ಆಡುವ ‘ಸೆವೆನ್ಸ್’ ಫುಟ್‌ಬಾಲಿನ ಸೊಬಗೇ ಬೇರೆ: ಗೆರೆಗೆ ಅಂಟಿಕೊಂಡು ಕೂತ ಜನ, ರಾತ್ರಿಯ ದೀಪ, ತಾತ್ಕಾಲಿಕ ಗ್ಯಾಲರಿ. ಅಂಥದೊಂದು ಗ್ಯಾಲರಿ 2022ರ ಮಾರ್ಚ್‌ನಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಕುಸಿದು ಹಲವರು ಗಾಯಗೊಂಡರು. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಮಂದಿ ಪ್ರಾಣ ಬಿಟ್ಟದ್ದನ್ನು ಯಾರೂ ಮರೆತಿಲ್ಲ. ಕಾಲೇಜು ಮೈದಾನಕ್ಕೆ ಲಕ್ಷ ಜನ ಬರುವುದಿಲ್ಲ ನಿಜ. ಆದರೆ ಒಂದೇ ಸಣ್ಣ ಗೇಟು, ಅದಕ್ಕೆ ಅಡ್ಡಲಾಗಿ ನಿಲ್ಲಿಸಿದ ಬೈಕುಗಳು, ಇದು ಎಲ್ಲೆಡೆ ಕಾಣುವ ದೃಶ್ಯ. ಐನೂರು ಜನಕ್ಕೂ ಇದು ಅಪಾಯವೇ. ಒಳಬರುವ ದಾರಿ ಹೊರಹೋಗುವ ದಾರಿ ಬೇರೆ ಇರಬೇಕು, ಗೇಟಿನೆದುರು ವಾಹನ ಕೂಡದು, ಹಲಗೆ ಕಟ್ಟಿದ ಗ್ಯಾಲರಿ ಬೇಕಿದ್ದರೆ ಲೋಕೋಪಯೋಗಿ ಎಂಜಿನಿಯರರ ಕಣ್ಣು ಬೀಳಬೇಕು. ಇಲ್ಲವಾದರೆ ನೆಲದ ಮೇಲಿನ ಚಾಪೆಯೇ ಮೇಲು.

ಇದೆಲ್ಲ ಏಕಿಷ್ಟು ಮುಖ್ಯ ಎಂದು ಕೇಳುವವರಿಗೆ ಇನ್ನೊಂದು ಮಾತು. ಆಟವಿಲ್ಲದ ಮೈದಾನವನ್ನು ಊರು ಬೇಗ ಮರೆಯುತ್ತದೆ. ಮೊದಲು ವಸ್ತುಪ್ರದರ್ಶನ, ಆಮೇಲೆ ಸಮಾವೇಶ, ಆಮೇಲೆ ಹೆಲಿಪ್ಯಾಡ್, ಕೊನೆಗೆ ಮೂಲೆಯಲ್ಲೊಂದು ಕಟ್ಟಡ. ಉದ್ಯಾನ, ಆಟದ ಮೈದಾನ, ಬಯಲು ಜಾಗಗಳ ರಕ್ಷಣೆಗೆಂದು 1985ರ ರಾಜ್ಯ ಕಾಯ್ದೆಯೊಂದಿದೆ. ಆದರೆ ಕಾಯ್ದೆ ತಾನಾಗಿ ಎದ್ದು ಬಂದು ಮೈದಾನ ಕಾಯುವುದಿಲ್ಲ. ಪ್ರತಿ ವಾರ ಅಲ್ಲಿಗೆ ಬಂದು ಕೂರುವ ಜನರಿದ್ದರೆ, ಕಂಬ ನೆಡಲು ಬಂದವನನ್ನು ‘ಏನಪ್ಪಾ ಇದು?’ ಎಂದು ಕೇಳುವವರಾದರೂ ಇರುತ್ತಾರೆ.

ಈ ನಾಲ್ಕು ಊರುಗಳನ್ನೇ ತೆಗೆದುಕೊಳ್ಳಿ. ಪದವಿ ಕಾಲೇಜು ಎಲ್ಲ ಕಡೆ ಇದೆ. ದುರ್ಗದಿಂದ ಹಿರಿಯೂರಾಗಲಿ ಹೊಳಲ್ಕೆರೆಯಾಗಲಿ ಬಸ್ಸಿನಲ್ಲಿ ಒಂದು ಗಂಟೆಯ ಆಸುಪಾಸು, ಹೊಸದುರ್ಗ ಸ್ವಲ್ಪ ದೂರ. ಊರಿಗೊಂದು ತಂಡದಂತೆ, ಒಬ್ಬರ ಊರಿಗೆ ಒಬ್ಬರು ಹೋಗಿ ಬಂದು ಆಡಿದರೆ ಒಟ್ಟು 12 ಪಂದ್ಯ. ಪ್ರತಿ ಊರಿಗೂ ತನ್ನ ಮೈದಾನದಲ್ಲಿ ಮೂರು. ಮಳೆಗಾಲದ ಗಾಳಿ ತಗ್ಗಿದ ಮೇಲೆ, ಬೇಸಿಗೆಯ ಉರಿ ಬರುವ ಮುನ್ನ, ಅಂದರೆ ನವೆಂಬರಿನಿಂದ ಜನವರಿಯೊಳಗೆ ಇದನ್ನು ಮುಗಿಸಬಹುದು. ಸಂಜೆ ನಾಲ್ಕಕ್ಕೆ ಸರಿಯಾಗಿ ಶುರುವಾದರೆ ವಿರಾಮವೂ ಸೇರಿ ಐದೂ ಮುಕ್ಕಾಲಿಗೆ ಮುಗಿಯುತ್ತದೆ, ದೀಪದ ಖರ್ಚಿಲ್ಲ. ಕುಸ್ತಿಯಿಂದ ಕಲಿತಂತೆ ಮೂರು ಗಂಟೆಗೆ ಹೈಸ್ಕೂಲು ಮಕ್ಕಳದ್ದೊಂದು ಸಣ್ಣ ಆಟವಿಟ್ಟರೆ ಅವರ ಅಪ್ಪ ಅಮ್ಮಂದಿರು ಮೊದಲೇ ಬಂದು ಕೂತಿರುತ್ತಾರೆ. ಹುಡುಗಿಯರ ಪಂದ್ಯವನ್ನು ‘ಸಮಯ ಸಿಕ್ಕರೆ’ ಎಂದು ಬೆಳಿಗ್ಗೆಗೆ ತಳ್ಳದೆ ಇದೇ ಸಂಜೆಗಳಲ್ಲಿ ಹಂಚಬೇಕು.

ವಾದ್ಯಕ್ಕೆ ಹೊರಗೆ ಹುಡುಕುವುದು ಬೇಡ. ಉರುಮೆ, ತಮಟೆ, ಡೊಳ್ಳು ನುಡಿಸುವವರು ಈ ತಾಲ್ಲೂಕುಗಳಲ್ಲೇ ಇದ್ದಾರೆ. ಕಲಿತ ಹುಡುಗರು ಕಾಲೇಜುಗಳ ತರಗತಿಗಳಲ್ಲೂ ಇರಬಹುದು. ಸಿನಿಮಾ ಹಾಡು ಅರಚುವ ಧ್ವನಿಪೆಟ್ಟಿಗೆಗಿಂತ ಅದು ಸಾವಿರ ಪಾಲು ಮೇಲು. ಮೈಕು ವೀಕ್ಷಕ ವಿವರಣೆಗಿರಲಿ. ನಮ್ಮ ಕಬಡ್ಡಿ ಪಂದ್ಯಗಳಲ್ಲಿ ಹೊಟ್ಟೆ ಹುಣ್ಣಾಗಿಸುವಂತೆ ಮಾತನಾಡುವ ಪ್ರತಿಭಾವಂತರಿಗೆ ಬರವಿಲ್ಲ. ಮೈಕಿನಲ್ಲಿ ಅತಿಥಿಗಳ ಹೆಸರಿಗಿಂತ ಆಟಗಾರರ ಹೆಸರು, ಅವರ ಊರು ಹೆಚ್ಚು ಕೇಳಿಸಲಿ. ಆಗ ಮೂಲೆಯ ಹಳ್ಳಿಯಿಂದ ಬಂದವನಿಗೂ ‘ನಮ್ಮ ಹುಡುಗ’ ಎಂಬುದು ಗೊತ್ತಾಗುತ್ತದೆ.

ಊಟದ ಚಿಂತೆ ಯಾರೂ ಮಾಡಬೇಕಾಗಿಲ್ಲ. ಜನ ಸೇರುತ್ತಾರೆಂದು ಖಚಿತವಾದ ದಿನ, ಮಂಡಕ್ಕಿ ಮಿರ್ಚಿಯ ಗಾಡಿಗಳು ಯಾರ ಆಹ್ವಾನಕ್ಕೂ ಕಾಯದೆ ಮೂರು ಗಂಟೆಗೇ ಬಂದು ನಿಂತಿರುತ್ತವೆ. ಅವುಗಳನ್ನು ಗೇಟಿನಿಂದ ಐವತ್ತು ಹೆಜ್ಜೆ ದೂರ ನಿಲ್ಲಿಸಿ, ಪಕ್ಕದಲ್ಲೊಂದು ಕಸದ ಡಬ್ಬಿ ಇಡುವುದಷ್ಟೇ ಕಾಲೇಜಿನ ಕೆಲಸ.